ಫೀಡಿನಲ್ಲಿ ಬಾರದ್ದು

ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲೇ ಗುಲಾಬಿ ಹೂವಿನ ಚಿತ್ರದ ಮೇಲೆ ಶುಭೋದಯ ಎಂದು ಬರೆದು ಊರಿಗೆಲ್ಲ ಕಳಿಸುವವರ ಬಗ್ಗೆ ನನಗೆ ಗೌರವವಿಲ್ಲ. ಅದನ್ನು ನೋಡಿ ಕೈಮುಗಿದ ಚಿತ್ರವನ್ನು ತಿರುಗಿ ಕಳಿಸುವವರ ಬಗ್ಗೆ ಇನ್ನೂ ಕಡಿಮೆ. ಕಗ್ಗದಾಸಪುರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎರಡೂ ಬಗೆಯವರು ತುಂಬಿದ್ದಾರೆ. ನೀರಿನ ಟ್ಯಾಂಕರ್ ಬಂತೋ ಇಲ್ಲವೋ ಎಂಬ ಒಂದೇ ಒಂದು ಉಪಯೋಗದ ಸುದ್ದಿ ತಿಳಿಯಬೇಕಾದರೆ ಅವರ ವಾಟ್ಸ್ಯಾಪ್ ಗುಂಪಿನಲ್ಲಿ ಹದಿನೇಳು ಹೂವು, ನಾಲ್ಕು ದೇವರು ಮತ್ತು ಕಿಡ್ನಿ ತೊಳೆಯುವ ಕೊತ್ತಂಬರಿ ನೀರನ್ನು ದಾಟಿ ಹೋಗಬೇಕು. ನಾನು ಆ ಗುಂಪು ಬಿಟ್ಟು ಬಹಳ ಕಾಲವಾಯಿತು. ಬಿಟ್ಟ ದಿನ ಕಾರ್ಯದರ್ಶಿಯ ಹೆಂಡತಿ ಲಿಫ್ಟಿನಲ್ಲಿ ಸಿಕ್ಕಿ, "ಯಾಕ್ ಮೇಡಂ, ಬೇಜಾರಾಯ್ತಾ?" ಎಂದು ಕೇಳಿದರು. "ಇಲ್ಲ, ಬುದ್ಧಿ ಬಂತು" ಎಂದೆ. ಆಮೇಲೆ ಅವರು ನಾನಿದ್ದರೆ ಲಿಫ್ಟ್ ಹತ್ತುವುದನ್ನೇ ಬಿಟ್ಟರು. ನನಗೆ ಅನುಕೂಲವಾಯಿತು.

ನನ್ನ ದಾರಿ ಬೇರೆ. ನನಗೆ ಫೀಡ್ ರೀಡರ್ ಇದೆ. ಅದೇನೆಂದು ಕೇಳಿದವರಿಗೆಲ್ಲ ವಿವರಿಸಿದ್ದೇನೆ, ಕೇಳದವರಿಗೂ ವಿವರಿಸಿದ್ದೇನೆ. ಎಷ್ಟೋ ಜಾಲತಾಣಗಳು ತಮ್ಮ ಪುಟದ ಹಿಂದೆ, ಬಂದವರ ಕಣ್ಣಿಗೆ ಬೀಳದ ಹಾಗೆ, ಹೊಸದಾಗಿ ಏನೇನು ಹಾಕಿದೆವು ಎಂಬ ಸಾದಾ ಪಟ್ಟಿಯೊಂದನ್ನು ಇಟ್ಟಿರುತ್ತವೆ. ಅದೇ ಫೀಡ್. ಆ ಪಟ್ಟಿಯ ವಿಳಾಸವನ್ನು ರೀಡರಿಗೆ ಒಂದು ಸಲ ಕೊಟ್ಟರೆ ಸಾಕು. ಅದು ಆಗಾಗ ಹೋಗಿ ನೋಡಿ, ಹೊಸ ಬರಹವಿದ್ದರೆ ಎತ್ತಿಕೊಂಡು ಬಂದು ನನ್ನ ಮುಂದೆ ಇಡುತ್ತದೆ. ಬರಹ ಮಾತ್ರ. ಪಕ್ಕದಲ್ಲಿ ಕುಣಿಯುವ ಜಾಹೀರಾತಿಲ್ಲ, ಅದನ್ನು ಒಪ್ಪಿಕೊಳ್ಳಿ ಇದನ್ನು ಒತ್ತಿ ಎಂಬ ಪೀಡೆಯಿಲ್ಲ, ಬರಹದ ಕೆಳಗೆ ಜನ ಸೇರಿ ನಡೆಸುವ ಕೂಗಾಟವಿಲ್ಲ. ಬಂದ ಕ್ರಮದಲ್ಲಿ ಬರುತ್ತದೆ, ಮುಗಿದ ಮೇಲೆ ಮುಗಿಯುತ್ತದೆ. ನಾನು ಓದಿದೆ ಎಂದು ಬರೆದವರಿಗೆ ಗೊತ್ತಾಗುವುದಿಲ್ಲ. ಹೆಬ್ಬೆರಳು ಎತ್ತಿ ತೋರಿಸಿ ಭೇಷ್ ಅನ್ನುವ ಹಂಗಿಲ್ಲ. ಈ ಕೊನೆಯದು ನನಗೆ ಎಲ್ಲಕ್ಕಿಂತ ಹಿಡಿಸಿತ್ತು.

ಕಲಿತದ್ದು ಕಚೇರಿಯ ಕೆಲಸಕ್ಕಾಗಿ. ನಾನು ಹಲಸೂರಿನ ಒಂದು ವಿಮಾ ಕಚೇರಿಯಲ್ಲಿದ್ದೇನೆ. ಹೊಸ ನಿಯಮಗಳ ಸುತ್ತೋಲೆ ಮೊದಲು ಜಾಲತಾಣದಲ್ಲಿ ಬೀಳುತ್ತದೆ, ನಮ್ಮ ಮೇಜಿಗೆ ಕಾಗದವಾಗಿ ಬರುವುದು ನಾಲ್ಕು ದಿನ ಕಳೆದ ಮೇಲೆ. ಒಮ್ಮೆ ಆ ನಾಲ್ಕು ದಿನದ ಅಂತರದಲ್ಲಿ ಹಳೆಯ ನಿಯಮದ ಪ್ರಕಾರ ಕಡತವೊಂದನ್ನು ಕಳಿಸಿ, ಎಲ್ಲರೆದುರು ಬೈಸಿಕೊಂಡೆ. ಇನ್ನೊಮ್ಮೆ ಬೈಸಿಕೊಳ್ಳುವವಳಲ್ಲ ನಾನು. ಆ ವಾರವೇ ಜಾಲತಾಣದ ಮೂಲೆಯಲ್ಲಿದ್ದ ಕಿತ್ತಳೆ ಬಣ್ಣದ ಪುಟ್ಟ ಗುರುತು ಏನೆಂದು ಹುಡುಕಿ ಓದಿ, ರೀಡರ್ ಹಾಕಿಕೊಂಡೆ. ಅಲ್ಲಿಂದ ಮುಂದೆ ಸುತ್ತೋಲೆ ಮೊದಲು ತಿಳಿಯುವುದು ನನಗೇ. ಪಕ್ಕದ ಮೇಜಿನ ಸಹೋದ್ಯೋಗಿ, ಶಿವಾಜಿನಗರದವರು, ವರ್ಷಗಟ್ಟಲೆ ತಲೆ ಕೆರೆದುಕೊಂಡರು. "ಕ್ಯಾ ಮೇಡಂ, ಹೆಡ್ ಆಫೀಸಲ್ಲಿ ನಿಮ್ಮೋರು ಯಾರೋ ಇದಾರೆ, ಹೇಳ್ತಾ ಇಲ್ಲ ನೀವು." ಕನಿಕರ ಬಂದು ಅವರಿಗೂ ಹಾಕಿಕೊಟ್ಟೆ. ಮೂರನೇ ದಿನ ತೆಗೆದುಬಿಟ್ಟರು. "ಬೋರ್ ಮೇಡಂ. ಒಂದು ಫೋಟೋ ಇಲ್ಲ, ಏನಿಲ್ಲ. ನೀವೇ ಹೇಳ್ಬಿಡಿ ಸಾಕು." ಹೇಳುತ್ತಿದ್ದೆ, ಆದರೆ ಅರ್ಧ ದಿನ ಕಾಯಿಸಿ.

ಮೊದಲು ಬಳಸುತ್ತಿದ್ದ ರೀಡರ್ ಒಂದು ದಿನ ಮುಚ್ಚಿಹೋಯಿತು. ಬಳಸುತ್ತಿದ್ದವರಲ್ಲಿ ಹೆಚ್ಚಿನವರು ಎರಡು ದಿನ ಗೋಳಾಡಿ ಫೇಸ್‌ಬುಕ್ಕಿಗೆ ಹೋಗಿ ಬಿದ್ದರು. ನಾನು ನನ್ನ ಪಟ್ಟಿಯನ್ನೆಲ್ಲ ಒಂದು ಕಡತವಾಗಿ ಇಳಿಸಿಕೊಂಡು ಇನ್ನೊಂದು ರೀಡರಿಗೆ ಏರಿಸಿದೆ, ಒಂದು ವಿಳಾಸವೂ ಕಳೆದುಹೋಗಲಿಲ್ಲ. ಯಾರೋ ಎಲ್ಲಿಯೋ ಕೂತು ನೀನು ಇವತ್ತು ಇದನ್ನು ನೋಡು ಎಂದು ತೋರಿಸಿದ್ದನ್ನು ಬಾಯಿ ತೆರೆದು ನುಂಗುವವಳು ನಾನಲ್ಲ ಎಂಬ ಜಂಬ ಇತ್ತು, ಈಗಲೂ ಪೂರ್ತಿ ಹೋಗಿಲ್ಲ. ಓದುತ್ತಿದ್ದದ್ದು ಹೆಚ್ಚಾಗಿ ಕಗ್ಗದಾಸಪುರದ ರೈಲ್ವೆ ಗೇಟಿನಲ್ಲಿ. ಮನೆಯಿಂದ ಬೈಯಪ್ಪನಹಳ್ಳಿ ಮೆಟ್ರೋಗೆ ಆಟೊದಲ್ಲಿ ಹೋಗುವಾಗ ಗೇಟು ಬಿದ್ದಿರುವುದು ಖಚಿತ. ಗೇಟಿನ ಎರಡೂ ಕಡೆ ಜನ ಹಾರ್ನ್ ಒತ್ತುತ್ತಾರೆ. ಒತ್ತಿದರೆ ಗೂಡ್ಸ್ ರೈಲು ಬೇಗ ಹೋಗುತ್ತದೆ ಎಂದು ನಂಬಿದ ಇಂಜಿನಿಯರುಗಳು ನಮ್ಮ ಬಡಾವಣೆಯಲ್ಲಿ ಬೇಕಾದಷ್ಟಿದ್ದಾರೆ. ನಾನು ಆ ಗದ್ದಲದ ನಡುವೆ ತಣ್ಣಗೆ ಓದುತ್ತಿದ್ದೆ.

ಈಗ ನನ್ನ ಗಂಡನ ವಿಷಯಕ್ಕೆ ಬರಬೇಕು. ಅವರು ಹುಟ್ಟಿ ಬೆಳೆದದ್ದು ಹಲಸೂರಿನ ಮಾರ್ಕೆಟ್ಟಿನ ಹಿಂದೆ. ನಾನು ದಾವಣಗೆರೆಯಿಂದ ಬಂದವಳು. ಅವರು ಕೆ.ಆರ್.ಪುರದ ಕಡೆಯ ಒಂದು ಸರ್ಕಾರಿ ಕಾರ್ಖಾನೆಯ ಟೂಲ್ ರೂಮಿನಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದು, ಎಂಟು ವರ್ಷದ ಹಿಂದೆ ಸ್ವಯಂ ನಿವೃತ್ತಿ ತೆಗೆದುಕೊಂಡರು. ಮೊದಲ ಎರಡು ತಿಂಗಳು ಮನೆಯ ನಲ್ಲಿಗಳನ್ನೆಲ್ಲ ಬಿಚ್ಚಿ ಜೋಡಿಸಿದರು. ನಲ್ಲಿಗಳು ಮುಗಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ ನನ್ನನ್ನು ಕರೆದು, ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದು ಕೂರಿಸಿ, ಹಿಂದೆ ನಿಂತರು.

"ಒಂದು ಬ್ಲಾಗ್ ಶುರು ಮಾಡಿದೀನಿ. ನೋಡ್ತೀಯಾ?"

ನೋಡಿದೆ. ಬರಹದ ಮೊದಲ ಸಾಲು: 'ಓ ಯಂತ್ರವೇ, ನಿನ್ನ ಕಬ್ಬಿಣದ ಎದೆಯೊಳಗೂ ಒಂದು ಹೃದಯ ಮಿಡಿಯುತ್ತಿದೆಯಲ್ಲವೇ!' ನನಗೆ ನಗು ತಡೆಯಲಾಗಲಿಲ್ಲ. ಸಣ್ಣ ನಗುವಲ್ಲ, ಹೊಟ್ಟೆ ಹಿಡಿದುಕೊಂಡು ನಗುವ ನಗು. ನಲ್ಲಿ ಸೋರಿದರೆ 'ವಾಶರ್ ಹೋಗಿದೆ' ಎಂದು ಎರಡೇ ಮಾತಿನಲ್ಲಿ ಮುಗಿಸುವ ಮನುಷ್ಯ ಬರೆಯಲು ಕೂತರೆ ಹೀಗೆ ಎದೆ ಬಡಿದುಕೊಳ್ಳಬೇಕೆ?

"ಇದನ್ನ ಯಾರ್ ಓದ್ತಾರ್ರೀ?" ಎಂದೆ.

"ಯಾರಾದ್ರೂ ಓದ್ತಾರೆ" ಎಂದು ಅವರೂ ಸ್ವಲ್ಪ ನಕ್ಕರು. ಆಮೇಲೆ ಕಿಟಕಿಯ ಹತ್ತಿರ ಹೋಗಿ ಅಲ್ಲೇನೋ ಸರಿ ಮಾಡುವವರ ಹಾಗೆ ನಿಂತರು. ಅವತ್ತಿನಿಂದ ಬ್ಲಾಗ್ ಎಂಬ ಮಾತು ಅವರ ಬಾಯಿಂದ ನನ್ನೆದುರು ಬರಲಿಲ್ಲ.

ಅದೇ ದಿನ ಮಧ್ಯಾಹ್ನ ನಾನು ಅವರ ಬ್ಲಾಗಿನ ಫೀಡನ್ನು ನನ್ನ ರೀಡರಿಗೆ ಸೇರಿಸಿದೆ. ಒಳ್ಳೆಯ ಮನಸ್ಸಿನಿಂದ ಸೇರಿಸಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಇನ್ನೂ ನಾಲ್ಕು ಸಲ ನಗಲು ಸಿಗುತ್ತದೆ ಎಂದು ಸೇರಿಸಿದೆ. ಎರಡನೆಯ ಬರಹ ನನ್ನ ನಿರೀಕ್ಷೆಯನ್ನು ಹುಸಿ ಮಾಡಲಿಲ್ಲ. ಮೂರನೆಯದರಲ್ಲಿ ಸಂಧ್ಯಾಕಾಲದ ಸೈರನ್ ಏನೋ ಪಿಸುಗುಟ್ಟಿತು. ನಾನು ಆಟೊದಲ್ಲಿ ಒಬ್ಬಳೇ ನಕ್ಕಿದ್ದಕ್ಕೆ ಚಾಲಕ ಕನ್ನಡಿಯಲ್ಲಿ ನೋಡಿದ.

ನಾಲ್ಕನೆಯದು ಬಂದದ್ದು ಒಂದು ತಿಂಗಳ ನಂತರ. ಅವರು ಕಾರ್ಖಾನೆಗೆ ಕಲಿಯಲು ಸೇರಿದ ಹೊಸದರಲ್ಲಿ ಕೈಗೆ ಒಂದು ಒರಟು ಉಕ್ಕಿನ ತುಂಡು ಕೊಟ್ಟು, ಅರದಿಂದ ಉಜ್ಜಿ ಉಜ್ಜಿ ಎಲ್ಲ ಮುಖವೂ ಸಮನಾದ ಘನ ಮಾಡು ಎಂದರಂತೆ. ಯಂತ್ರವಿಲ್ಲ, ಬರೀ ಕೈ. ಮೂರು ವಾರ ಉಜ್ಜಿ ತೆಗೆದುಕೊಂಡು ಹೋದರೆ ಸೂಪರ್‌ವೈಸರ್ ಅದಕ್ಕೆ ಮೂಲೆಮಟ್ಟ ಹಿಡಿದು ಕಿಟಕಿಯ ಕಡೆ ಎತ್ತಿದರು. ಉಕ್ಕಿಗೂ ಮಟ್ಟಕ್ಕೂ ನಡುವೆ ಕೂದಲೆಳೆಯಷ್ಟು ಬೆಳಕು ಕಂಡಿತು. ಒಂದು ಮಾತೂ ಆಡದೆ ಅದನ್ನು ಗುಜರಿ ಡಬ್ಬಿಗೆ ಎಸೆದರು. ಇನ್ನೊಂದು ತುಂಡು ಕೊಟ್ಟರು. ಇಷ್ಟೇ ಬರಹ. ಕೊನೆಯಲ್ಲಿ ಮಾತ್ರ 'ಜೀವನವೂ ಹೀಗೆಯೇ ಅಲ್ಲವೇ' ಎಂದು ಒಂದು ಸಾಲು ಅಂಟಿಸಿದ್ದರು. ಇದೊಂದು ಬೇಡವಾಗಿತ್ತು, ಉಪದೇಶ, ಎಂದುಕೊಂಡೆ. ಗೇಟು ಎದ್ದು ಆಟೊ ಹೊರಟದ್ದೇ ನನಗೆ ತಿಳಿಯಲಿಲ್ಲ. ಸಾಯಂಕಾಲ ಮನೆಗೆ ಬಂದಾಗ ಅವರ ಕೈಗಳನ್ನು ನೋಡಿದೆ. ಇಷ್ಟು ವರ್ಷ ಆ ಕೈ ನೋಡಿದ್ದೇನೆ, ಬೆರಳಿನ ಬುಡದ ಆ ಗಡಸು ಚರ್ಮ ಎಲ್ಲಿಂದ ಬಂತೆಂದು ಕೇಳಿರಲಿಲ್ಲ.

ಆಗ ಹೇಳಬಹುದಿತ್ತು. ಹೇಳಲಿಲ್ಲ. ಏನೆಂದು ಹೇಳುವುದು? ನಕ್ಕವಳು ಈಗ ಮೆಚ್ಚಿದೆ ಅಂದರೆ ಕನಿಕರಕ್ಕೆ ಅಂದಳು ಎಂದುಕೊಳ್ಳುತ್ತಾರೆ ಎಂದು ಒಂದು ನೆಪ. ಹೊಗಳಿಕೆಗೆ ಕಾಯುವವರ ಬಗ್ಗೆ ನನಗಿದ್ದ ತಾತ್ಸಾರ ಇನ್ನೊಂದು ನೆಪ. ಅವರು ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಬ್ಲಾಗಿಗೆ ಎಷ್ಟು ಜನ ಬಂದಿದ್ದಾರೆ ಎಂದು ನೋಡುತ್ತಿದ್ದರು. ಅಡುಗೆಮನೆಯಿಂದ ನನಗೆ ಕಾಣುತ್ತಿತ್ತು. ಒಂದು, ಸೊನ್ನೆ, ಎರಡು. ರೀಡರಿನಲ್ಲಿ ಓದಿದರೆ ಪುಟಕ್ಕೆ ಹೋದ ಹಾಗಲ್ಲ, ಹಾಗಾಗಿ ನಾನು ಆ ಎಣಿಕೆಯಲ್ಲಿ ಬರುತ್ತಿರಲಿಲ್ಲ. ಕೂದಲೆಳೆಯಷ್ಟು ಬೆಳಕನ್ನು ಅಳೆಯಲು ಕಲಿತ ಮನುಷ್ಯ ಹೀಗೆ ತಲೆ ಎಣಿಸುತ್ತ ಕೂರುತ್ತಾನಲ್ಲ ಎಂದು ಮೂಗು ಮುರಿದೆ. ಒಳ್ಳೆಯದನ್ನು ಬರೆದರೆ ಸಾಲದೆ, ಬಂದು ಬೆನ್ನು ಬೇರೆ ತಟ್ಟಬೇಕೆ? ಹೀಗೆ ನನಗೆ ನಾನೇ ಭಾಷಣ ಮಾಡಿಕೊಂಡು ಸುಮ್ಮನಿದ್ದೆ.

ಸುಮ್ಮನಿದ್ದು ಓದಿದೆ. ಕಾರ್ಖಾನೆಯ ಬಸ್ಸಿನಲ್ಲಿ ಮೂವತ್ತು ವರ್ಷ ಒಂದೇ ಸೀಟಿನಲ್ಲಿ ಕೂತು, ಕೊನೆಯ ದಿನ ಆ ಸೀಟಿನ ರೆಕ್ಸಿನ್ ಕತ್ತರಿಸಿಕೊಂಡು ಹೋದವರ ಕಥೆ ಓದಿದೆ. ಅವರ ಅಮ್ಮ ಹಲಸೂರು ಮಾರ್ಕೆಟ್ಟಿನಲ್ಲಿ ತಮಿಳಿನಲ್ಲಿ ಚೌಕಾಸಿ ಮಾಡಿ, ತೆಲುಗಿನಲ್ಲಿ ಬೈದು, ಕನ್ನಡದಲ್ಲಿ ದೇವರನ್ನು ಕರೆಯುತ್ತಿದ್ದುದನ್ನು ಓದಿದೆ. ಓ ಯಂತ್ರವೇ ಹೋಗಿ, ಸಣ್ಣ ಸಣ್ಣ ಸಾಲು ಬಂತು. ಆದರೆ ಒಂದು ವಿಷಯ ಕುಟುಕುತ್ತಿತ್ತು. ನೂರಾರು ಬರಹಗಳಲ್ಲಿ ಸೀಟು ಕತ್ತರಿಸಿದವನಿದ್ದ, ಕ್ಯಾಂಟೀನಿನ ಬೆಕ್ಕಿತ್ತು, ನಾನು ಎಲ್ಲಿಯೂ ಇರಲಿಲ್ಲ. ಬೇಡವೆಂದು ಬಿಟ್ಟಿದ್ದಾರೆ, ಬಿಡಲಿ ಎಂದುಕೊಂಡೆ. ಒಳಗೊಳಗೇ ಉರಿದದ್ದು ನಿಜ.

ಎರಡು ವರ್ಷ ಕಳೆದ ಮೇಲೆ ಬರಹಗಳಲ್ಲಿ ಒಬ್ಬರು ಕಾಣಿಸಿಕೊಂಡರು. 'ರಿಚರ್ಡ್ಸ್ ಟೌನಿನ ಓದುಗರೊಬ್ಬರು ಕೇಳಿದ್ದಾರೆ, ಆಗ ಹಲಸೂರಿನಿಂದ ಫ್ರೇಜರ್ ಟೌನಿಗೆ ನೀವು ಹೇಗೆ ಹೋಗುತ್ತಿದ್ದಿರಿ ಎಂದು.' ಮುಂದಿನ ಬರಹ ಪೂರ್ತಿ ಅದರ ಉತ್ತರ. 'ರಿಚರ್ಡ್ಸ್ ಟೌನಿನ ಓದುಗರಿಗೆ ಕ್ರಿಸ್‌ಮಸ್ ಬಗ್ಗೆ ತಿಳಿಯಬೇಕಂತೆ.' ಸರಿ, ಸಹಪಾಠಿಯ ಮನೆಯ ಕ್ರಿಸ್‌ಮಸ್. ರಂಜಾನಿನಲ್ಲಿ ಫ್ರೇಜರ್ ಟೌನಿನ ಮಸೀದಿ ರಸ್ತೆಯಲ್ಲಿ ಮನೆಗೆ ಹೇಳದೆ ತಿಂದದ್ದನ್ನು ಕೂಡ ಆ ಓದುಗರಿಗಾಗಿ ಬಾಯಿಬಿಟ್ಟರು. ನನಗೆ ಪಿತ್ತ ನೆತ್ತಿಗೇರಿತು. ಯಾರೋ ಭಟ್ಟಂಗಿ ಸಿಕ್ಕಿದ್ದಾನೆ, 'ಸೂಪರ್ ಸರ್' ಎಂದು ಬರೆದು ಹೋಗುತ್ತಾನೆ, ಇವರು ಹಲ್ಲು ಕಿರಿದುಕೊಂಡು ಅವನು ಕುಣಿಸಿದ ಹಾಗೆ ಕುಣಿಯುತ್ತಿದ್ದಾರೆ ಎಂದುಕೊಂಡೆ. ಇನ್ನೂ ಸಿಟ್ಟು ಬಂದದ್ದು ಯಾಕೆಂದರೆ ಬರಹಗಳು ಹಾಳಾಗಲಿಲ್ಲ. ಮೊದಲಿಗಿಂತ ಚೆನ್ನಾದವು. ಕೇಳುವವರು ಒಬ್ಬರು ಸಿಕ್ಕಿದ ಮೇಲೆ ಮನುಷ್ಯನಿಗೆ ನೆನಪು ತಾನಾಗಿ ಬರುತ್ತದೆ ಎಂಬುದು ನನ್ನ ತತ್ವಕ್ಕೆ ಒಗ್ಗುವ ವಿಷಯವಾಗಿರಲಿಲ್ಲ. ಆ ಓದುಗ ಯಾರೆಂದು ನೋಡಲು ಪುಟಕ್ಕೆ ಹೋಗಬೇಕಿತ್ತು. ಅಂಥ ಕೂಗಾಟದ ಜಾಗಕ್ಕೆ ನಾನು ಹೋಗುತ್ತೇನೆಯೇ? ಹೋಗಲಿಲ್ಲ.

ಕಳೆದ ಡಿಸೆಂಬರಿನ ಮೊದಲ ವಾರ. ಎಂದಿನಂತೆ ಗೇಟು ಬಿದ್ದಿತ್ತು. ರೀಡರ್ ತೆರೆದರೆ ಅವರ ಹೊಸ ಬರಹ. ಶೀರ್ಷಿಕೆ ಇಲ್ಲ. ನಾಲ್ಕೇ ಸಾಲು.

'ಈ ತಿಂಗಳ ಕೊನೆಗೆ ಈ ಬ್ಲಾಗನ್ನು ಅಳಿಸುತ್ತಿದ್ದೇನೆ. ಇಷ್ಟು ದಿನ ಓದುವವರೊಬ್ಬರು ಇದ್ದರು. ಈಗ ಯಾರೂ ಇಲ್ಲ. ಯಾರೂ ಇಲ್ಲದ ಮೇಲೆ ಬಾಗಿಲು ತೆಗೆದಿಡುವುದರಲ್ಲಿ ಅರ್ಥವಿಲ್ಲ.'

ನನಗೆ ಮೊದಲು ಬಂದದ್ದು ದುಃಖವಲ್ಲ, ಕೋಪ. ಯಾರೂ ಇಲ್ಲವಂತೆ! ಎಂಟು ವರ್ಷದಿಂದ ಒಂದನ್ನೂ ಬಿಡದೆ ಓದಿದವಳು ಇಲ್ಲಿ ಆಟೊದಲ್ಲಿ ಕೂತಿದ್ದೇನೆ. ಅದರ ಹಿಂದೆಯೇ ಭಯವಾಯಿತು. ಅವರು ಹೇಳಿದರೆ ಮಾಡುವವರು. ಅಮ್ಮನ ಬೈಗುಳ, ಉಕ್ಕಿನ ಘನ, ಬಸ್ಸಿನ ಸೀಟು, ಎಲ್ಲ ಒಂದು ಗುಂಡಿ ಒತ್ತಿದರೆ ಹೋಗುತ್ತವೆ. ಅವನ್ನು ಇನ್ನೊಮ್ಮೆ ಬರೆಯುವ ವಯಸ್ಸಾಗಲಿ ಮನಸ್ಸಾಗಲಿ ಅವರಿಗಿಲ್ಲ ಎಂದು ನನಗೆ ಗೊತ್ತು. "ಮೇಡಂ, ಗೇಟ್ ಎತ್ತಿದಾರೆ, ಹೋಗಣ?" ಎಂದು ಚಾಲಕ ಎರಡು ಸಲ ಕೇಳಬೇಕಾಯಿತು. ನಾನೇ ಓಡಿಸುತ್ತಿದ್ದೇನೆ ಎಂಬಂತೆ ಕೇಳಿದ.

ಕಚೇರಿಯಲ್ಲಿ ಊಟದ ಹೊತ್ತಿಗೆ, ಡಬ್ಬಿ ತೆರೆಯದೆ, ಆ ಭಾನುವಾರ ಬಿಟ್ಟರೆ ಎಂಟು ವರ್ಷದಲ್ಲಿ ಮೊದಲ ಸಲ ಅವರ ಬ್ಲಾಗಿನ ಪುಟವನ್ನೇ ತೆರೆದೆ. ಅವತ್ತು ಇಲ್ಲದ ಗಾಢ ನೀಲಿ ಹಿನ್ನೆಲೆ, ಅದರ ಮೇಲೆ ಹಳದಿ ಅಕ್ಷರ, ಮೂಲೆಯಲ್ಲಿ ತಿರುಗುವ ಹಲ್ಲಿನ ಚಕ್ರ. ಇಂಥ ಅಭಿರುಚಿಯನ್ನು ನೋಡದೆ ಉಳಿಸಿದ್ದಕ್ಕೆ ರೀಡರಿಗೆ ವಂದನೆ ಹೇಳಬೇಕು ಎಂದುಕೊಳ್ಳುತ್ತ ಕೆಳಗೆ ಸರಿಸಿದೆ. ಹಳೆಯ ಬರಹವೊಂದರ ಕೆಳಗೆ 'ಅಭಿಪ್ರಾಯಗಳು' ಎಂದಿತ್ತು. ಒತ್ತಿದೆ. ಫೀಡಿನಲ್ಲಿ ಬರಹ ಬರುತ್ತದೆ, ಅಭಿಪ್ರಾಯ ಬರುವುದಿಲ್ಲ. ಕೂಗಾಟ ಎಂದು ನಾನು ಇಷ್ಟು ವರ್ಷ ಬೈದದ್ದು ಇದನ್ನೇ.

ಕೂಗಾಟವೇನೂ ಇರಲಿಲ್ಲ. ಇಬ್ಬರು ಮಾತಾಡುತ್ತಿದ್ದರು. ಒಬ್ಬರು ನನ್ನ ಗಂಡ. ಇನ್ನೊಬ್ಬರು ರಿಚರ್ಡ್ಸ್ ಟೌನಿನ ಆ ಓದುಗ, ಗಂಡಸಲ್ಲ, ಶಾಲೆಯಿಂದ ನಿವೃತ್ತರಾದ ಇಂಗ್ಲಿಷ್ ಟೀಚರು. ಮನೆಮಾತು ತಮಿಳು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಿದ್ದರು. 'ನಾನು ಈ ಊರಲ್ಲೇ ಹುಟ್ಟಿದವಳು ಸರ್, ಕನ್ನಡ ಮಾತಾಡ್ತೀನಿ, ಓದಕ್ಕೆ ಬರ್ತಿರ್ಲಿಲ್ಲ. ನಿಮ್ ಬ್ಲಾಗ್ ಇಟ್ಕೊಂಡು ಅಕ್ಷರ ಕೂಡ್ಸಿ ಕೂಡ್ಸಿ ಓದ್ತಿದೀನಿ. ಒಂದು ಪೋಸ್ಟಿಗೆ ಎರಡು ದಿನ ಬೇಕು.' ಆಮೇಲೆ ಆ ಪ್ರಶ್ನೆಗಳು. ಕೊನೆಯಲ್ಲಿ ಒಂದು ಸಾಲು: 'ನಿಮ್ ಮಿಸೆಸ್ ಓದಿದ್ರಾ ಸರ್? ಏನಂದ್ರು?'

ಅದರ ಕೆಳಗೆ ಇವರ ಉತ್ತರ. 'ಓದಿದರು. ಚೆನ್ನಾಗಿದೆ ಅಂದರು. ಅವರು ತುಂಬ ಓದುವವರು, ಸುಲಭಕ್ಕೆ ಒಪ್ಪುವವರಲ್ಲ.'

ನಾನು ಓದಿರಬಹುದು, ಅಂದಿರಲಿಲ್ಲ. ಇನ್ನೊಂದು ಬರಹಕ್ಕೆ ಹೋದೆ. ಅಲ್ಲಿಯೂ ಕೇಳಿದ್ದಾರೆ, ಇವರು ಹೇಳಿದ್ದಾರೆ. 'ಬೆಕ್ಕಿನ ಭಾಗಕ್ಕೆ ತುಂಬ ನಕ್ಕರು.' 'ನಮ್ಮ ಅಮ್ಮನ ಬಗ್ಗೆ ಓದಿ ಸ್ವಲ್ಪ ಹೊತ್ತು ಮಾತಾಡಲಿಲ್ಲ.' 'ಇದು ಅವರಿಗೆ ಅಷ್ಟು ಹಿಡಿಸಲಿಲ್ಲ, ಉದ್ದವಾಯಿತು ಅಂದರು.' ಪುಟದಿಂದ ಪುಟಕ್ಕೆ ಹೋದೆ. ಎಲ್ಲ ಕಡೆ ನಾನಿದ್ದೆ. ಬರಹದಲ್ಲಿ ಒಂದು ಸಾಲಿನಷ್ಟು ಜಾಗ ಸಿಗದ ನಾನು ಕೆಳಗಡೆ, ಅವರ ಸುಳ್ಳಿನಲ್ಲಿ, ದಿನಾ ಸಂಜೆ ಅವರ ಪಕ್ಕ ಕೂತು ಓದಿ, ನಕ್ಕು, ತಪ್ಪು ತೋರಿಸುತ್ತಿದ್ದೆ. ಬೇರೆ ಯಾರೋ ಹೆಂಗಸನ್ನು ಸೃಷ್ಟಿಸಿಕೊಂಡಿದ್ದರೆ ನಾನು ಸಹಿಸುತ್ತಿದ್ದೆನೋ ಏನೋ. ಅವಳು ಬೇರೆಯವಳಲ್ಲ. ಅವಳ ನಾಲಿಗೆ ನನ್ನದೇ ನಾಲಿಗೆ.

ಉಕ್ಕಿನ ಘನದ ಬರಹಕ್ಕೆ ಬಂದೆ. ಟೀಚರು ಅದನ್ನು ತಡವಾಗಿ ಓದಿ ಕೇಳಿದ್ದರು. ಇವರ ಉತ್ತರ ಹೀಗಿತ್ತು: 'ಕೊನೆಯ ಸಾಲು ಬೇಡ, ಉಪದೇಶ ಆಯಿತು ಅಂದರು. ನೋಡಿದರೆ ನಿಜ. ತೆಗೆದುಬಿಟ್ಟೆ.' ಮೇಲಕ್ಕೆ ಹೋಗಿ ನೋಡಿದೆ. ಪುಟದಲ್ಲಿ ಆ ಸಾಲಿಲ್ಲ. ನನ್ನ ರೀಡರ್ ತೆರೆದು ನೋಡಿದೆ. ಅಲ್ಲಿ ಇನ್ನೂ ಇದೆ. ರೀಡರ್ ಮೊದಲ ದಿನ ಎತ್ತಿಕೊಂಡು ಬಂದದ್ದನ್ನೇ ಹಿಡಿದುಕೊಂಡು ಕೂತಿತ್ತು. ನಾನು ಗೇಟಿನಲ್ಲಿ ಮನಸ್ಸಿನೊಳಗೆ ಅಂದುಕೊಂಡ ಮಾತನ್ನು ಈ ಮನುಷ್ಯ ನಾನು ಹೇಳದೆಯೇ ಕೇಳಿಸಿಕೊಂಡು, ತಿದ್ದಿಕೊಂಡು, ಅದನ್ನು ನನ್ನ ಹೆಸರಿಗೆ ಬರೆದಿದ್ದರು. ಕಚೇರಿಯಲ್ಲಿ ಅಳುವವರನ್ನು ಕಂಡರೆ ನನಗಾಗದು. ಅವತ್ತು ನನ್ನನ್ನು ಕಂಡರೆ ನನಗಾಗಲಿಲ್ಲ. ಪಕ್ಕದ ಮೇಜಿನವರು "ಕ್ಯಾ ಹುವಾ ಮೇಡಂ, ಸರ್ಕ್ಯುಲರಾ?" ಎಂದು ಕೇಳಿದರು. ಹೌದು ಎಂದೆ.

ಕಟ್ಟಕಡೆಯ ಅಭಿಪ್ರಾಯ ನವೆಂಬರಿನದು, ಟೀಚರ ಮಗಳು ಬರೆದದ್ದು. 'ಅಮ್ಮ ಹೋದ ವಾರ ತೀರ್ಕೊಂಡ್ರು ಸರ್. ಕೊನೇಲಿ ಕಣ್ಣು ಕಾಣ್ತಿರ್ಲಿಲ್ಲ, ನಾನೇ ಓದಿ ಹೇಳ್ತಿದ್ದೆ. ಮನೇಲೇ ಅಂಥಾ ರೀಡರ್ ಇದಾರೆ, ಲಕ್ಕಿ ಅವ್ರು ಅಂತ ಅಮ್ಮ ಹೇಳ್ತಾನೇ ಇದ್ರು. ನಿಮ್ ಮಿಸೆಸ್‌ಗೆ ಅಮ್ಮನ ನಮಸ್ಕಾರ ಹೇಳ್ಬೇಕಂತೆ.' ಅದಕ್ಕೆ ಇವರು ಏನೂ ಉತ್ತರ ಬರೆದಿರಲಿಲ್ಲ.

ಸಂಜೆ ಮನೆಗೆ ಬಂದಾಗ ಅವರು ನಡುಮನೆಯಲ್ಲಿ ನೆಲದ ಮೇಲೆ ಪೇಪರ್ ಹಾಸಿಕೊಂಡು ಅವರೆಕಾಯಿ ಬಿಡಿಸುತ್ತಿದ್ದರು. ನಾನು ಚಪ್ಪಲಿ ಕೂಡ ಬಿಡಲಿಲ್ಲ. ಮೆತ್ತಗೆ ಮಾತು ಶುರುಮಾಡಲು ನನಗೆ ಬರುವುದಿಲ್ಲ.

"ಆ ಕ್ಯೂಬಿನ ಲೇಖನದಲ್ಲಿ ಕೊನೇ ಸಾಲು ತೆಗೆದಿದ್ದು ಒಳ್ಳೇದಾಯ್ತು" ಎಂದೆ.

ಅವರ ಬೆರಳು ನಿಂತಿತು. "ಯಾವಾಗ ಓದಿದೆ?"

"ಬಂದ ದಿನಾನೇ."

"ಮಿಕ್ಕಿದ್ದು?"

"ಎಲ್ಲಾ ಓದಿದೀನಿ. ಒಂದೂ ಬಿಟ್ಟಿಲ್ಲ. ಅಳಿಸ್ಬೇಡಿ."

ಅವರಿಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದೆ. ಗೇಟಿನಿಂದ ಮನೆಯವರೆಗೆ ಆ ಮುಖವನ್ನೇ ಕಲ್ಪಿಸಿಕೊಂಡು ಬಂದಿದ್ದೆ, ಹೇಳಿದರೆ ನಾಚಿಕೆ. ಅವರು ಒಂದು ಕಾಯಿಯನ್ನು ಕೈಯಲ್ಲಿ ಹಿಡಿದುಕೊಂಡು ಯೋಚಿಸುತ್ತ ಕೂತರು. ಲೆಕ್ಕ ತಪ್ಪಿದೆ, ಎಲ್ಲಿ ಎಂದು ಹುಡುಕುವಾಗ ಹಾಗೆ ಕೂರುತ್ತಾರೆ.

"ಬ್ಲಾಗಿಗೆ ಬಂದಿದ್ರೆ ನಂಗೆ ಗೊತ್ತಾಗ್ತಿತ್ತಲ್ಲ" ಎಂದರು.

"ನಾನು ಫೀಡ್ ರೀಡರಲ್ಲಿ ಓದ್ತೀನಿ ಕಣ್ರೀ. ಅದ್ರಲ್ಲಿ ಓದಿದ್ರೆ ಬರೆದೋರಿಗೆ ಗೊತ್ತಾಗಲ್ಲ. ಅದೇ ಅದರ ಗುಣ."

ಎಷ್ಟೋ ಜನರೆದುರು ಎದೆ ಉಬ್ಬಿಸಿ ಹೇಳಿದ ಮಾತು ಅದು. ಅಭ್ಯಾಸಬಲದಿಂದ ಅದೇ ದನಿಯಲ್ಲಿ ಬಂತು. ಬಂದ ಮೇಲೆ ವಾಪಸ್ ತೆಗೆದುಕೊಳ್ಳುವ ಹಾಗಿರಲಿಲ್ಲ.

ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಿ ಗೆದ್ದುಬಿಡುತ್ತಿದ್ದೆ. "ನೀನು ಓದಲ್ಲ ಅಂದ್ಕೊಂಡಿದ್ದೆ" ಎಂದರು. "ಮೊದಲ್ನೇ ದಿನ ನಕ್ಕೆಯಲ್ಲ, ಸರಿ, ಅವಳಿಗೆ ಇದು ಹಿಡಿಸಲ್ಲ, ಅದ್ರ ತಪ್ಪೇನು ಅಂದ್ಕೊಂಡೆ. ಅದನ್ನ ಯಾವತ್ತೋ ಮರ್ತ್ಬಿಟ್ಟಿದ್ದೆ. ಓದ್ಕೊಂಡು ಎಂಟು ವರ್ಷ ಸುಮ್ನೆ ಇದ್ದೆ ಅಂತೀಯ. ಇದನ್ನ ಹೇಗೆ ಮರೀಲಿ ಹೇಳು."

ಬಿಡಿಸಿದ ಕಾಳನ್ನು ಪಾತ್ರೆಗೆ ಸುರಿದುಕೊಂಡು, ಸಿಪ್ಪೆಯನ್ನು ಪೇಪರಿನಲ್ಲಿ ಮಡಿಸಿ, ಒಳಗೆ ಹೋದರು. ರಾತ್ರಿ ಊಟಕ್ಕೆ ಹುಳಿ ಚೆನ್ನಾಗಿಯೇ ಇತ್ತು. ಉಪ್ಪು ಸಾಕಾ ಎಂದು ಕೇಳಿದರು, ಸಾಕು ಎಂದೆ.

ನಾನು ಜೀವನವಿಡೀ ಜನರನ್ನು ಅವರ ಗದ್ದಲಕ್ಕಾಗಿ ಕೀಳಾಗಿ ಕಂಡೆ. ಹೂವಿನ ಚಿತ್ರ ಕಳಿಸುವ ಕಾರ್ಯದರ್ಶಿಯ ಹೆಂಡತಿ ದಡ್ಡಿಯೇ, ಅದರಲ್ಲಿ ಈಗಲೂ ಎರಡನೆಯ ಮಾತಿಲ್ಲ. ಆದರೆ ಅವಳು ಬೆಳಿಗ್ಗೆ ಎದ್ದು ಮೂವತ್ತು ಮನೆಗಳಿಗೆ ನಾನಿದ್ದೇನೆ ಎಂದು ಹೇಳುತ್ತಾಳೆ. ನಾನು ಒಬ್ಬ ಮನುಷ್ಯನಿಗೆ, ಅದೂ ಒಂದೇ ಮನೆಯಲ್ಲಿ, ಅದನ್ನು ಹೇಳಲಿಲ್ಲ. ಕದ್ದು ಓದಿ ಅದಕ್ಕೆ ಸ್ವಾಭಿಮಾನ ಎಂದು ಹೆಸರಿಟ್ಟೆ. ಅಕ್ಷರ ಕೂಡಿಸಿ ಎರಡು ದಿನ ಓದುತ್ತಿದ್ದ ಆ ಟೀಚರನ್ನು ಭಟ್ಟಂಗಿ ಎಂದೆ. ನನ್ನ ಬಗ್ಗೆ ಅವರಿಗಿದ್ದ ಗೌರವ ನೆನೆದರೆ ಮೈಯೆಲ್ಲ ಉರಿಯುತ್ತದೆ.

ಮಾರನೆಯ ದಿನ ಮೆಟ್ರೋದಲ್ಲಿ ನಿಂತುಕೊಂಡೇ ಬ್ಲಾಗಿನ ಪುಟ ತೆರೆದು, ಆ ನಾಲ್ಕು ಸಾಲಿನ ಕೆಳಗೆ ಅಭಿಪ್ರಾಯ ಬರೆಯಲು ಹೊರಟೆ. ಏನು ಬರೆದರೂ ನಾನು ಮೂಗು ಮುರಿಯುತ್ತಿದ್ದ ಮಾತೇ ಆಗುತ್ತಿತ್ತು. ಚೆನ್ನಾಗಿದೆ ಎಂದು ಬರೆದು ಅಳಿಸಿದೆ. ಅದ್ಭುತ ಎಂದು ಬರೆದು ನಾಚಿಕೆಯಾಗಿ ಅಳಿಸಿದೆ. ಇಂದಿರಾನಗರ ಹೋಯಿತು, ಹಲಸೂರು ಹೋಯಿತು, ನಾನು ಇಳಿಯಲಿಲ್ಲ. ಕೊನೆಗೆ ಹೀಗೆ ಬರೆದೆ: 'ಮೊದಲ ದಿನದಿಂದ ಓದಿದ್ದೇನೆ. ಬೆಕ್ಕಿನ ಭಾಗಕ್ಕೆ ನಿಜವಾಗಿಯೂ ನಕ್ಕಿದ್ದೆ. ನಿಮ್ಮ ಅಮ್ಮನ ಬಗ್ಗೆ ಓದಿ ಅವತ್ತು ಮಾತಾಡಿರಲಿಲ್ಲ, ನೀವು ಗಮನಿಸಿರಲಿಲ್ಲ ಅಷ್ಟೇ. ಟೀಚರ ನಮಸ್ಕಾರ ನನಗೆ ತಲುಪಿತು. ಇಂತಿ, ಹೆಂಡತಿ.' ಕಣ್ಣು ಮುಚ್ಚಿ ಕಳಿಸು ಎಂಬುದನ್ನು ಒತ್ತಿದೆ.

ಪರದೆಯ ಮೇಲೆ ಒಂದು ಸಾಲು ಬಂತು: 'ಧನ್ಯವಾದ. ಲೇಖಕರು ಒಪ್ಪಿಗೆ ಕೊಟ್ಟ ಮೇಲೆ ನಿಮ್ಮ ಅಭಿಪ್ರಾಯ ಪ್ರಕಟವಾಗುತ್ತದೆ.'

ಡಿಸೆಂಬರ್ ಮುಗಿಯಿತು. ಜನವರಿಯೂ ಮುಗಿಯುತ್ತ ಬಂತು. ಅವರು ಬ್ಲಾಗನ್ನು ಅಳಿಸಿಲ್ಲ. ಹೊಸದು ಬರೆದೂ ಇಲ್ಲ. ದಿನಾ ಬೆಳಿಗ್ಗೆ ಕಂಪ್ಯೂಟರ್ ತೆರೆಯುತ್ತಾರೆ, ಸ್ವಲ್ಪ ಹೊತ್ತು ಅದರ ಮುಂದೆ ಕೂರುತ್ತಾರೆ, ಮುಚ್ಚುತ್ತಾರೆ. ಏನು ನೋಡಿದಿರಿ ಎಂದು ನಾನು ಕೇಳುವುದಿಲ್ಲ, ಕೇಳುವ ಹಕ್ಕು ಕಳೆದುಕೊಂಡಿದ್ದೇನೆ. ಆಮೇಲೆ ಕಚೇರಿಗೆ ಹೋಗಿ ಆ ಪುಟ ತೆರೆದು ಕೆಳಗೆ ಸರಿಸಿ ನೋಡುತ್ತೇನೆ. ಹೋದ ವಾರ ಅಲ್ಲಿ ಹೊಸ ಅಭಿಪ್ರಾಯವೊಂದು ಕಂಡು ಕನ್ನಡಕ ಹಾಕಿಕೊಂಡು ಓದಿದೆ. ಮನೆಗೆ ಬಣ್ಣ ಬಳಿಸಲು ಸಂಪರ್ಕಿಸಿ ಎಂದು ಯಾರೋ ಹಾಕಿದ ಜಾಹೀರಾತು. ಅದಕ್ಕೆ ಒಪ್ಪಿಗೆ ಕೊಟ್ಟಿದ್ದಾರೆ, ಕೆಳಗೆ 'ಬಂದದ್ದಕ್ಕೆ ಧನ್ಯವಾದ' ಎಂದೂ ಬರೆದಿದ್ದಾರೆ. ನನ್ನದಕ್ಕೆ ಇನ್ನೂ ಕೊಟ್ಟಿಲ್ಲ.